25 ಕೋಟಿ ಕೈಗೆ ಬಂದರೆ ಮೊದಲ ಮೂರು ತಿಂಗಳು ಏನು ಮಾಡುತ್ತೀರಿ?

ಕಬ್ಬಿನಗದ್ದೆ (ಮಂಡ್ಯ):
2024ರ ಅಕ್ಟೋಬರಿನಲ್ಲಿ ಕೇರಳದ ಓಣಂ ಹಬ್ಬದ ಲಾಟರಿಯಾದ ತಿರುವೋಣಂ ಬಂಪರ್‌ನ 25 ಕೋಟಿ ರೂಪಾಯಿ ನಮ್ಮ ಮಂಡ್ಯ ಜಿಲ್ಲೆಯವರೊಬ್ಬರಿಗೆ ಬಂದಾಗಿನಿಂದ ನಮ್ಮ ಕಡೆ ಲಾಟರಿಯ ಮಾತು ನಿಂತಿಲ್ಲ. ವಯನಾಡಿಗೆ ಪ್ರವಾಸ ಹೋದವರು ಸುಲ್ತಾನ್ ಬತ್ತೇರಿಯಲ್ಲಿ ಒಂದು ಟಿಕೆಟ್ ಕೊಳ್ಳದೆ ಹಿಂತಿರುಗುವುದೇ ಅಪರೂಪವಾಗಿದೆ. ನಾವೂ ಪಕ್ಕದ ಮನೆಯವರೂ ಹೋಗಿದ್ದಾಗ 500 ರೂಪಾಯಿಯ ಒಂದು ಟಿಕೆಟನ್ನು ಅರ್ಧರ್ಧ ದುಡ್ಡು ಹಾಕಿ ಕೊಂಡೆವು. ಡ್ರಾ ಇನ್ನೂ ಆಗಿಲ್ಲ, ಆದರೆ ಎರಡೂ ಮನೆಗಳಲ್ಲಿ ಹಣ ಖರ್ಚಾಗಿಹೋಗಿದೆ. ನಮ್ಮ ಅತ್ತೆಯವರಿಗೆ ಊರ ದೇವಸ್ಥಾನಕ್ಕೆ ಗೋಪುರ ಕಟ್ಟಿಸಬೇಕು, ಯಜಮಾನರಿಗೆ ನಾಲೆಯ ಪಕ್ಕದ ಜಮೀನು ಬೇಕು, ಮಗಳು ಹೊರದೇಶದಲ್ಲಿ ಓದುವ ಮಾತಾಡುತ್ತಾಳೆ, ಪಕ್ಕದ ಮನೆಯ ಅಣ್ಣನವರು ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್ ನೋಡಿಟ್ಟಿದ್ದಾರೆ. ಮೊನ್ನೆ ಈ ವಿಷಯಕ್ಕೇ ಎರಡು ಮನೆಗಳ ನಡುವೆ ಮಾತು ಬೆಳೆದು ಎಲ್ಲರ ಮನಸ್ಸು ಕೆಟ್ಟಿತು.

ಮೂರು ತಿಂಗಳು ಆ ಹಣವನ್ನು ಮುಟ್ಟಲೇಬಾರದು ಎಂಬುದು ನನ್ನ ಅಭಿಪ್ರಾಯ. ನಿಮಗೆ ನಿಜವಾಗಿ ಅಷ್ಟು ಹಣ ಬಂದರೆ ಮೊದಲು ಏನು ಮಾಡುತ್ತೀರಿ, ಯಾರಿಗೆ ಹೇಳುತ್ತೀರಿ ಎಂಬುದನ್ನು ದಯವಿಟ್ಟು ಯೋಚಿಸಿ ಬರೆಯಿರಿ.

ಲೆಕ್ಕಿಗ (ಮೈಸೂರು):
ಮೇಡಂ, 25 ಕೋಟಿ ಎಂದು ಕನಸು ಕಾಣುವವರ ಕೈಗೆ 25 ಕೋಟಿ ಬರುವುದಿಲ್ಲವಾದ್ದರಿಂದ ಮೊದಲು ಲೆಕ್ಕವನ್ನು ಸರಿಪಡಿಸಿಕೊಳ್ಳೋಣ. ಟಿಕೆಟ್ ಮಾರಿದ ಏಜೆಂಟರ ಕಮಿಷನ್ ಎಂದು ಬಹುಮಾನದಲ್ಲಿ ಶೇ 10, ಅಂದರೆ ಎರಡೂವರೆ ಕೋಟಿ ಮೊದಲೇ ಹೋಗುತ್ತದೆ. ಉಳಿದ 22.5 ಕೋಟಿಯ ಮೇಲೆ ಶೇ 30ರಂತೆ 6.75 ಕೋಟಿ ತೆರಿಗೆಯನ್ನು ಮೂಲದಲ್ಲೇ ಮುರಿದುಕೊಂಡು 15.75 ಕೋಟಿಯನ್ನು ಖಾತೆಗೆ ಹಾಕುತ್ತಾರೆ. ತೆರಿಗೆ ಅಲ್ಲಿಗೆ ಮುಗಿಯಿತೆಂದು ಬಹಳ ಜನ ತಿಳಿದಿದ್ದಾರೆ, ಅದು ತಪ್ಪು. ಆದಾಯ 5 ಕೋಟಿ ದಾಟಿದವರು ಆ ತೆರಿಗೆಯ ಮೇಲೆ ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ ಶೇ 25ರ ಸರ್‌ಚಾರ್ಜನ್ನೂ, ಎಲ್ಲದರ ಮೇಲೆ ಶೇ 4ರ ಸೆಸ್ಸನ್ನೂ ತಾವೇ ಕಟ್ಟಬೇಕು. ಅದು ಇನ್ನೂ ಎರಡು ಕೋಟಿಗೆ ಸ್ವಲ್ಪ ಹೆಚ್ಚೇ ಆಗುತ್ತದೆ. ಕೊನೆಗೆ ಉಳಿಯುವುದು ಸುಮಾರು 13.72 ಕೋಟಿ. ಹಳೆಯ ಪದ್ಧತಿಯಲ್ಲಿ ಸರ್‌ಚಾರ್ಜ್ ಶೇ 37 ಇರುವುದರಿಂದ ಅದು 12.88 ಕೋಟಿಗೆ ಇಳಿಯುತ್ತದೆ.

ಲಾಟರಿ ಹಣಕ್ಕೆ ಮೂಲ ವಿನಾಯಿತಿಯೂ ಇಲ್ಲ, ವಿಮೆ ಅಥವಾ ಪಿಪಿಎಫ್ ತೋರಿಸಿ ಕಡಿತ ಪಡೆಯುವುದಕ್ಕೂ ಅವಕಾಶವಿಲ್ಲ, ವರ್ಷಗಟ್ಟಲೆ ಕೊಂಡ ಟಿಕೆಟ್‌ಗಳ ಖರ್ಚನ್ನು ಕಳೆಯುವಂತೆಯೂ ಇಲ್ಲ. ಆದ್ದರಿಂದ ನಾನಾದರೆ ಮೊದಲ ದಿನವೇ ಆ ಎರಡು ಕೋಟಿಯನ್ನು ಬೇರೆ ಖಾತೆಗೆ ಹಾಕಿ, ಅದು ನನ್ನದಲ್ಲವೆಂದು ಮನೆಯವರಿಗೆಲ್ಲ ಹೇಳಿಬಿಡುತ್ತೇನೆ.

ಅಗ್ರಹಾರ ವೃತ್ತ:
ಎರಡು ಕೋಟಿ ಹಣ ಖಾತೆಯಲ್ಲಿ ಕಾಣುತ್ತಿದ್ದರೂ ಅದು ಸರ್ಕಾರದ್ದು ಎಂಬುದು ನನಗೆ ಈವರೆಗೆ ತಿಳಿದೇ ಇರಲಿಲ್ಲ. ಇದನ್ನು ಬರೆದಿದ್ದಕ್ಕೆ ಧನ್ಯವಾದ, ಸರ್.

ಚಿಕ್ಕಗಡಿಯಾರ:
ನಾನು ಯಾರಿಗೂ ಹೇಳುವುದಿಲ್ಲ. ಹೆಂಡತಿಗೆ ಮತ್ತು ಒಬ್ಬ ಆಡಿಟರಿಗೆ ಮಾತ್ರ ಹೇಳುತ್ತೇನೆ. 2022ರಲ್ಲಿ ಇದೇ ಬಂಪರ್ ಗೆದ್ದ ತಿರುವನಂತಪುರದವರೊಬ್ಬರು, ಸಹಾಯ ಕೇಳಿಕೊಂಡು ಬರುವವರ ಕಾಟದಿಂದ ಸ್ವಂತ ಮನೆಯಲ್ಲಿ ಇರಲಾಗುತ್ತಿಲ್ಲ, ಬಹುಮಾನವೇ ಬರಬಾರದಿತ್ತು ಎಂದು ಟಿವಿಯ ಮುಂದೆ ನೋವು ತೋಡಿಕೊಂಡಿದ್ದನ್ನು ಎಲ್ಲರೂ ನೋಡಿದ್ದೇವೆ. ಇಂಥವೆಲ್ಲ ಆದ ಮೇಲೆ ಕೇರಳ ಸರ್ಕಾರ ಗೆದ್ದವರಿಗೆ ಹಣ ನಿರ್ವಹಣೆಯ ತರಬೇತಿಯನ್ನೇ ಶುರುಮಾಡಿತು. ತಿರುವನಂತಪುರದ ಗುಲಾಟಿ ಹಣಕಾಸು ಮತ್ತು ತೆರಿಗೆ ಸಂಸ್ಥೆಯಲ್ಲಿ ತೆರಿಗೆ, ಹೂಡಿಕೆ, ವಿಮೆಗಳ ಬಗ್ಗೆ ತಿಳಿಸಿಕೊಡುತ್ತಾರೆ. ಚೆಕ್ ಹಿಡಿದುಕೊಂಡು ಫೋಟೊ ತೆಗೆಸಿಕೊಳ್ಳುವ ಆಸೆಯೇ ಮೊದಲ ನಷ್ಟ ಎಂದು ನಾನು ನಂಬಿದ್ದೇನೆ.

ವಿಸಿನಾಲೆ (ಪಾಂಡವಪುರ ಸೀಮೆ):
ಹೇಳದೆ ಇರುವುದು ಮೈಸೂರಿನ ಬಡಾವಣೆಗಳಲ್ಲಿ ಸಾಧ್ಯವಿರಬಹುದು ಸರ್, ಹಳ್ಳಿಯಲ್ಲಿ ಸಾಧ್ಯವಿಲ್ಲ. ಸೊಸೈಟಿಯ ಸಾಲವನ್ನು ಒಂದೇ ಕಂತಿನಲ್ಲಿ ತೀರಿಸಿದ ದಿನ ಸಂಜೆಯೇ ಅರಳಿಕಟ್ಟೆಯಲ್ಲಿ ಅದರ ಮಾತಿರುತ್ತದೆ. ಅಡವಿಟ್ಟ ಒಡವೆಯನ್ನು ಬ್ಯಾಂಕಿನಿಂದ ಬಿಡಿಸಿಕೊಂಡು ಹೆಂಗಸರು ಅದನ್ನು ಹಾಕಿಕೊಂಡರೆ ಮದುವೆ ಮನೆಯಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಆದರೂ ನಾನು ಮೊದಲು ಮಾಡುವುದು ಅದನ್ನೇ. ಸೊಸೈಟಿ ಸಾಲ, ಕೈಸಾಲ, ಸಂಘದ ಕಂತು, ಒಡವೆ ಸಾಲ, ಇವು ನಾಲ್ಕೂ ತೀರಿದ ರಾತ್ರಿ ನಮ್ಮ ಮನೆಯವರು ಹೇಗೆ ನಿದ್ದೆ ಮಾಡುತ್ತಾರೆ ಎಂಬುದನ್ನು ನೋಡುವುದೇ ನನ್ನ ದೊಡ್ಡ ಆಸೆ.

ಅದಾದ ಮೇಲೆ ಒಂದು ಆಲೆಮನೆ. ನಮ್ಮ ಸೀಮೆಯಲ್ಲಿ ಆಲೆಮನೆಗಳು ಒಂದೊಂದಾಗಿ ಮುಚ್ಚಿದವು. ಕಬ್ಬು ಕಡಿಯುವ ಆಳುಗಳು ಸಿಗುವುದಿಲ್ಲ, ಬೆಲ್ಲದ ದರ ಇಂದಿನಂತೆ ನಾಳೆ ಇರುವುದಿಲ್ಲ. 2024–25ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ಕಬ್ಬಿನ ದರ ಟನ್ನಿಗೆ 3,400 ರೂಪಾಯಿ ಎಂದರೂ, ಅದು ಶೇ 10.25ರ ಸಕ್ಕರೆ ಇಳುವರಿಗೆ ಹೇಳಿದ ದರ. ಇಳುವರಿ ಕಡಿಮೆಯಾದರೆ ದರವೂ ಇಳಿಯುತ್ತದೆ, ಕಟಾವು ಮತ್ತು ಸಾಗಣೆಯ ಖರ್ಚು ಬೇರೆ ಮುರಿಯುತ್ತದೆ. ಆದ್ದರಿಂದ ಕಾರ್ಖಾನೆಯ ಹಣಕ್ಕೆ ಕಾಯದೆ ನಮ್ಮ ಕಬ್ಬನ್ನು ನಾವೇ ಬೆಲ್ಲ ಮಾಡಬೇಕೆಂಬುದು ನನ್ನ ಹಳೆಯ ಹಂಬಲ. ಬೆಲ್ಲ ಬೆಳ್ಳಗಾಗಲಿ ಎಂದು ಹೈಡ್ರೋಸ್ ಎಂಬ ರಾಸಾಯನಿಕ ಸುರಿಯದೆ, ಹಿಂದಿನವರಂತೆ ಬೆಂಡೆಯ ಲೋಳೆಯಿಂದ ಕೊಪ್ಪರಿಗೆಯ ಮಡ್ಡಿ ತೆಗೆಯಬೇಕು. ಬಣ್ಣ ಕಪ್ಪಗಿರುತ್ತದೆ, ಕೊಳ್ಳುವವರಿಗೆ ಅದನ್ನು ತಿಳಿಸಿ ಹೇಳುವಷ್ಟು ದಿನ ನಷ್ಟ ತಡೆದುಕೊಳ್ಳುವ ಶಕ್ತಿ ಬೇಕು. ಲಾಟರಿ ಹಣ ನನಗೆ ಬೇಕಾಗಿರುವುದು ಆ ತಡೆದುಕೊಳ್ಳುವ ಶಕ್ತಿಗೆ. ಸಾಲ, ಗಾಣ, ಶೆಡ್ಡು, ಎರಡು ವರ್ಷದ ಕೂಲಿ ಎಲ್ಲವನ್ನೂ ಸೇರಿಸಿದರೂ ಒಂದು ಕೋಟಿಯೊಳಗೆ ನನ್ನ ಕನಸು ಮುಗಿಯುತ್ತದೆ. ಉಳಿದ ಹನ್ನೆರಡು ಕೋಟಿಯಲ್ಲಿ ಏನು ಮಾಡಬೇಕೆಂಬುದು ನನಗೆ ಹೊಳೆಯುತ್ತಿಲ್ಲ.

ಮಂಡಿಮೊಹಲ್ಲಾ:
ಎಲ್ಲರೂ ಸಿಹಿಯಾದ ಮಾತನ್ನೇ ಬರೆಯುತ್ತಿರುವುದರಿಂದ ನಾನು ಕಹಿಯನ್ನು ಬರೆಯಬೇಕಾಗಿದೆ. ಕರ್ನಾಟಕದಲ್ಲಿ 2007ರಲ್ಲಿ ಲಾಟರಿಯನ್ನು ನಿಷೇಧಿಸಿದ್ದು ಸುಮ್ಮನೆ ಅಲ್ಲ. ಅದಕ್ಕೂ ಮೊದಲು ನಮ್ಮ ಬೀದಿಯ ಲಾಟರಿ ಅಂಗಡಿಯ ಮುಂದೆ ಅಗರಬತ್ತಿ ಹೊಸೆಯುವವರು, ಬೀಡಿ ಕಟ್ಟುವವರು, ಗಾರೆ ಕೆಲಸದವರು ವಾರದ ಬಟವಾಡೆಯನ್ನು ಹಿಡಿದುಕೊಂಡು ನಿಲ್ಲುತ್ತಿದ್ದರು. ನನ್ನ ಸೋದರಮಾವನೊಬ್ಬ ಮಧ್ಯಾಹ್ನ ಒಂದು ಡ್ರಾ, ಸಂಜೆ ಒಂದು ಡ್ರಾ ಎಂದು ಮನೆಯ ಪಾತ್ರೆಗಳನ್ನೂ ಮಾರಿದ. ಒಂದಂಕಿ ಲಾಟರಿಯನ್ನು 1998ರ ಕೇಂದ್ರ ಕಾಯ್ದೆಯೇ ನಿಷೇಧಿಸಿದ್ದರೂ ಅದು ಬೇರೆ ಬೇರೆ ವೇಷದಲ್ಲಿ ನಡೆಯುತ್ತಲೇ ಇತ್ತು. ಅವನೂ ಪ್ರತಿದಿನ ಇದೇ ಪ್ರಶ್ನೆಯನ್ನು ಕೇಳುತ್ತಿದ್ದ, ಬಂದರೆ ಏನು ಮಾಡುತ್ತೀರಿ ಎಂದು. ಮಕ್ಕಳಾದ ನಮಗೆ ಸೈಕಲ್ಲು, ಅತ್ತೆಗೆ ಸರ, ಅಜ್ಜಿಗೆ ಕಾಶಿ ಯಾತ್ರೆ ಎಲ್ಲವನ್ನೂ ಅವನು ಮಾತಿನಲ್ಲೇ ಕೊಡಿಸಿಬಿಟ್ಟಿದ್ದ.

ಓಣಂ ಬಂಪರ್‌ನ ಟಿಕೆಟ್‌ಗಳು ಒಂದು ವರ್ಷಕ್ಕೆ 70 ಲಕ್ಷಕ್ಕೂ ಹೆಚ್ಚು ಮಾರಾಟವಾಗುತ್ತವೆ. ಮೊದಲ ಬಹುಮಾನ ಒಬ್ಬರಿಗೆ. ಇದರ ಮೇಲೆ ಮನೆ ಕಟ್ಟುವ ಮಾತನ್ನು ಮಕ್ಕಳ ಮುಂದೆ ಆಡಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಕಾವೇರಿತೀರ (ಶ್ರೀರಂಗಪಟ್ಟಣ):
ನಿಮ್ಮ ಮನೆಯ ನೋವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ದಿನಕ್ಕೆರಡು ಡ್ರಾ ಆಡುವುದೂ ವರ್ಷಕ್ಕೊಮ್ಮೆ ಎರಡು ಮನೆಯವರು ಸೇರಿ ಒಂದು ಟಿಕೆಟ್ ಕೊಳ್ಳುವುದೂ ಒಂದೇ ಅಲ್ಲ. ಕೇರಳದಲ್ಲಿ 1967ರಿಂದ ಸರ್ಕಾರವೇ ಲಾಟರಿಯನ್ನು ನಡೆಸುತ್ತಿದೆ. 1968ರ ಜನವರಿ 26ರ ಮೊದಲ ಡ್ರಾದಲ್ಲಿ ಟಿಕೆಟ್ ಬೆಲೆ ಒಂದು ರೂಪಾಯಿ, ಮೊದಲ ಬಹುಮಾನ 50 ಸಾವಿರ ರೂಪಾಯಿ. ಕಾರುಣ್ಯ ಲಾಟರಿಯ ಹಣದಿಂದ ಬಡವರ ಕ್ಯಾನ್ಸರ್, ಹೃದಯ, ಮೂತ್ರಪಿಂಡದ ಚಿಕಿತ್ಸೆಗೆ ನೆರವು ಕೊಟ್ಟಿದ್ದಾರೆ. ಅಂಗವಿಕಲರು, ವಯಸ್ಸಾದವರು ಬಹಳ ಮಂದಿ ಟಿಕೆಟ್ ಮಾರಿ ಹೊಟ್ಟೆ ಹೊರೆಯುತ್ತಾರೆ. ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮಂಡಿಮೊಹಲ್ಲಾ:
ಬಡವರ ಜೇಬಿನಿಂದ ತೆಗೆದ ಹಣದಲ್ಲಿ ಬಡವರಿಗೆ ಔಷಧಿ ಕೊಡುವುದನ್ನು ನಾನು ಒಪ್ಪಲಾರೆ. ಚಿಕಿತ್ಸೆಗೆ ಹಣ ಬೇಕಾದರೆ ತೆರಿಗೆಯಿಂದ ತೆಗೆಯಲಿ. ನಮ್ಮಲ್ಲಿ ನಿಷೇಧ ಮುಂದುವರಿಯಲೇಬೇಕು.

ಅಗ್ರಹಾರ ವೃತ್ತ:
ನಿಷೇಧ ಬೇಕೋ ಬೇಡವೋ ಎಂಬ ಚರ್ಚೆಗೆ ಇನ್ನೊಂದು ಎಳೆಯನ್ನು ತೆರೆಯೋಣ. ಆದರೆ ಒಂದು ಎಚ್ಚರಿಕೆ ಇಲ್ಲಿಗೇ ಸೇರಬೇಕು. ಕೇರಳದ ಲಾಟರಿಯಲ್ಲಿ ಇರುವುದು ಕಾಗದದ ಟಿಕೆಟ್ ಮಾತ್ರ, ಅದನ್ನು ಆನ್‌ಲೈನಿನಲ್ಲಿ ಮಾರುವುದಿಲ್ಲ. ವಾಟ್ಸ್ಆ್ಯಪಿನಲ್ಲಿ ನಿಮಗೆ ಬಹುಮಾನ ಬಂದಿದೆ, ತೆರಿಗೆ ಕಟ್ಟಿದರೆ ಹಣ ಬಿಡುಗಡೆ ಮಾಡುತ್ತೇವೆ ಎಂದು ಬರುವುದೆಲ್ಲ ಮೋಸ. ಹಣ ಕಳಿಸಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಬೆಟ್ಟದಡಿ:
ಅಷ್ಟು ಹಣ ಬಂದರೂ ಸುಖ ಹೆಚ್ಚುವುದಿಲ್ಲ ಎಂದು ತೋರಿಸಿದವರಿದ್ದಾರೆ. 1978ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞರು ಲಾಟರಿ ಗೆದ್ದ 22 ಜನರನ್ನು ಮಾತಾಡಿಸಿದಾಗ, ಗೆಲ್ಲದ ನೆರೆಹೊರೆಯವರಿಗಿಂತ ಅವರೇನೂ ಹೆಚ್ಚು ಸಂತೋಷವಾಗಿರಲಿಲ್ಲ. ದಿನನಿತ್ಯದ ಸಣ್ಣ ಸಂತೋಷಗಳು ಗೆದ್ದವರಿಗೆ ಆ ನೆರೆಹೊರೆಯವರಿಗಿಂತ ಸಪ್ಪೆಯಾಗಿದ್ದವು. ನಮ್ಮ ಹಿರಿಯರೂ ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದಿದ್ದಾರೆ.

ಲೆಕ್ಕಿಗ:
22 ಜನರಿಂದ ಇಡೀ ಲೋಕದ ಸುಖವನ್ನು ಅಳೆಯಬಾರದು, ಸರ್. ಸ್ವೀಡನ್ನಿನಲ್ಲಿ ಸಾವಿರಾರು ವಿಜೇತರನ್ನು ಗೆದ್ದ ಐದರಿಂದ ಇಪ್ಪತ್ತೆರಡು ವರ್ಷಗಳ ನಂತರ ಕೇಳಿ ನೋಡಿದ್ದಾರೆ. 2020ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ದೊಡ್ಡ ಬಹುಮಾನ ಪಡೆದವರಲ್ಲಿ ಬದುಕಿನ ಬಗೆಗಿನ ತೃಪ್ತಿ ಹೆಚ್ಚಾಗಿಯೇ ಇತ್ತು, ಅದು ಹತ್ತು ವರ್ಷ ದಾಟಿದರೂ ಕರಗಿರಲಿಲ್ಲ. ತಮ್ಮ ಹಣಕಾಸಿನ ಸ್ಥಿತಿಯ ಬಗ್ಗೆ ತೃಪ್ತಿ ಹೆಚ್ಚಿದ್ದೇ ಅದಕ್ಕೆ ಮುಖ್ಯ ಕಾರಣವೆಂದು ಅವರು ಕಂಡುಕೊಂಡರು. ವಿಸಿನಾಲೆಯವರು ಬರೆದ ನಿದ್ದೆಯ ಮಾತು ಇದೇ ಅಲ್ಲವೇ?

ಕುಡಿಕೆ ಹೊನ್ನಿನ ಮಾತು ಹೊನ್ನನ್ನು ತೆಗೆದು ತೆಗೆದು ತಿನ್ನುವವರಿಗೆ ಸರಿ. 13.72 ಕೋಟಿಗೆ ನೂರಕ್ಕೆ ಆರೂವರೆಯಂತೆ ಬಡ್ಡಿ ಹಿಡಿದರೆ ವರ್ಷಕ್ಕೆ ಸುಮಾರು 89 ಲಕ್ಷ. ಅದಕ್ಕೆ ತೆರಿಗೆ ಕಟ್ಟಿದ ಮೇಲೂ ಅಸಲನ್ನು ಮುಟ್ಟದೆ ಒಂದು ದೊಡ್ಡ ಕುಟುಂಬ ಬದುಕಬಹುದು. ಆದರೆ ಬೆಲೆ ಏರುತ್ತಲೇ ಇರುವುದರಿಂದ ಬಡ್ಡಿಯಲ್ಲಿ ಒಂದು ಪಾಲನ್ನು ವರ್ಷವರ್ಷವೂ ಅಸಲಿಗೆ ಸೇರಿಸಬೇಕು. ಎಲ್ಲವನ್ನೂ ಒಂದೇ ಕಡೆ ಇಡುವುದೂ ತಪ್ಪು. ಒಂದು ಬ್ಯಾಂಕಿನಲ್ಲಿ ಒಬ್ಬರ ಠೇವಣಿಗೆ ಇರುವ ವಿಮೆ 5 ಲಕ್ಷ ರೂಪಾಯಿ ಮಾತ್ರ. ಹೆಚ್ಚು ಬಡ್ಡಿ ಕೊಡುತ್ತೇವೆಂದು ಮನೆಗೇ ಬರುವ ಪತ್ತಿನ ಸೊಸೈಟಿಗಳಲ್ಲಿ ಆ ವಿಮೆಯೂ ಇಲ್ಲ. ರಿಸರ್ವ್ ಬ್ಯಾಂಕ್ 2021ರಲ್ಲಿ ತೆರೆದ ರಿಟೇಲ್ ಡೈರೆಕ್ಟ್ ಖಾತೆಯ ಮೂಲಕ ಸಾಮಾನ್ಯರೂ ಸರ್ಕಾರಿ ಬಾಂಡ್‌ಗಳನ್ನು ನೇರವಾಗಿ ಕೊಳ್ಳಬಹುದು. ನಾನಾದರೆ ಹೆಚ್ಚಿನ ಪಾಲನ್ನು ಅಲ್ಲಿಡುತ್ತೇನೆ.

ಬೆಟ್ಟದಡಿ:
ಸ್ವೀಡನ್ನಿನ ವಿಷಯ ಹೊಸದು. ಆದರೂ ಅಲ್ಲಿ ಗೆದ್ದವನ ಮನೆ ಬಾಗಿಲಿಗೆ ದೊಡ್ಡಪ್ಪನ ಮಕ್ಕಳು, ಚಿಕ್ಕಪ್ಪನ ಮಕ್ಕಳು ಬಂದು ಕೂರುವುದಿಲ್ಲ. ನಮ್ಮಲ್ಲಿ ಹಣದ ಚಿಂತೆ ಹೋಗಿ ನೆಂಟರ ಚಿಂತೆ ಬರುತ್ತದೆ.

ಕಬ್ಬಿನಗದ್ದೆ:
ನನ್ನ ಭಯವೂ ಅದೇ. ನಮಗೆ ಕಷ್ಟವಾದಾಗ ದೊಡ್ಡಪ್ಪನವರು ಮನೆಯ ಭತ್ತವನ್ನು ಮೂಟೆಗಟ್ಟಲೆ ಕಳಿಸಿದ್ದಾರೆ. ಅಂಥವರಿಗೆ ಹೇಳದೆ ಮುಚ್ಚಿಡುವುದು ನನ್ನಿಂದಾಗದು. ಹೇಳಿದರೆ ಎಲ್ಲಿಗೆ ನಿಲ್ಲಿಸಬೇಕೆಂಬುದೂ ತಿಳಿಯುವುದಿಲ್ಲ.

ಚಿಕ್ಕಗಡಿಯಾರ:
ಹಾಗಾದರೆ ಅಕ್ಕ, ಕೊಡಬೇಕಾದವರ ಪಟ್ಟಿಯನ್ನು ಈಗಲೇ, ಹಣ ಬರುವ ಮೊದಲೇ ಬರೆದಿಡಿ. ನಿಮಗೆ ಯಾರು ಯಾವಾಗ ನೆರವಾದರು ಎಂಬುದು ಇಂದು ನಿಮಗೆ ಸ್ಪಷ್ಟವಾಗಿ ಕಾಣುತ್ತದೆ. ಹಣ ಬಂದ ಮೇಲೆ ಬಾಗಿಲಿಗೆ ಬಂದವರೇ ಕಾಣುತ್ತಾರೆ.

ಕಾವೇರಿತೀರ:
ಜಂಟಿ ಟಿಕೆಟ್‌ನ ಬಗ್ಗೆ ಒಂದು ಮಾತು. 2023ರಲ್ಲಿ ಮಲಪ್ಪುರಂ ಜಿಲ್ಲೆಯ ಪರಪ್ಪನಂಗಡಿಯಲ್ಲಿ ಮನೆಮನೆಯಿಂದ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯ 11 ಹೆಣ್ಣುಮಕ್ಕಳು 250 ರೂಪಾಯಿಯ ಮಾನ್ಸೂನ್ ಬಂಪರ್ ಟಿಕೆಟನ್ನು ಸೇರಿ ಕೊಂಡು 10 ಕೋಟಿ ಗೆದ್ದರು. 25 ರೂಪಾಯಿ ಹಾಕುವುದಕ್ಕೂ ಸಾಧ್ಯವಾಗದೆ ಇಬ್ಬರು ಸೇರಿ ಒಂದು ಪಾಲು ಹಾಕಿದ್ದರು. ಅವರೊಳಗೆ ಜಗಳ ಬರಲಿಲ್ಲ, ಏಕೆಂದರೆ ಯಾರು ಎಷ್ಟು ಹಾಕಿದ್ದಾರೆಂಬುದು ಎಲ್ಲರಿಗೂ ಮೊದಲೇ ಗೊತ್ತಿತ್ತು. ನೀವೂ ಪಕ್ಕದ ಮನೆಯವರೂ ಹಣ ಹೇಗೆ ಖರ್ಚು ಮಾಡಬೇಕೆಂದು ಮಾತಾಡುವುದನ್ನು ಬಿಟ್ಟು, ಹೇಗೆ ಹಂಚಬೇಕೆಂಬುದನ್ನು ಮಾತ್ರ ಬರೆದುಕೊಳ್ಳಿ.

ಲೆಕ್ಕಿಗ:
ಈ ಮಾತು ಬಹಳ ಮುಖ್ಯ. ಟಿಕೆಟ್ ಜಂಟಿಯಾಗಿ ಕೊಂಡಿದ್ದೆಂದು ಡ್ರಾಗೆ ಮೊದಲೇ ಬರಹದಲ್ಲಿ ಇಲ್ಲದಿದ್ದರೆ, ಒಬ್ಬರ ಹೆಸರಿನಲ್ಲಿ ಹಣ ಪಡೆದು ಅರ್ಧವನ್ನು ಪಕ್ಕದ ಮನೆಯವರಿಗೆ ಕೊಟ್ಟಾಗ ಅದನ್ನು ಉಡುಗೊರೆ ಎಂದು ಎಣಿಸುವ ಅಪಾಯವಿದೆ. ಗಂಡ, ಹೆಂಡತಿ, ಒಡಹುಟ್ಟಿದವರು, ತಂದೆತಾಯಿ, ಮಕ್ಕಳಂಥ ಹತ್ತಿರದ ಸಂಬಂಧಿಕರಿಂದ ಬಂದ ಉಡುಗೊರೆಗೆ ತೆರಿಗೆಯಿಲ್ಲ. ನೆರೆಮನೆಯವರು ಕಾಯ್ದೆಯ ಕಣ್ಣಿಗೆ ಸಂಬಂಧಿಕರಲ್ಲ, ಅವರಿಗೆ ವರ್ಷದಲ್ಲಿ 50 ಸಾವಿರ ಮೀರಿ ಕೊಟ್ಟದ್ದು ಪೂರ್ತಿ ಅವರ ಆದಾಯವಾಗುತ್ತದೆ. ಒಂದೇ ಹಣಕ್ಕೆ ಎರಡು ಸಲ ತೆರಿಗೆ ಬೀಳುತ್ತದೆ. ಟಿಕೆಟ್‌ನ ಎರಡೂ ಬದಿಯ ಫೋಟೊ ತೆಗೆದು, ಸಂಖ್ಯೆಯನ್ನು ಕಾಗದದಲ್ಲಿ ಬರೆದು, ಸಮಪಾಲು ಎಂದು ನಮೂದಿಸಿ ಇಬ್ಬರೂ ಸಹಿ ಹಾಕಿ. ಸರಿಯಾಗಿ ಹಂಚಿಕೊಂಡರೆ ಒಂದೊಂದು ಮನೆಗೆ ಸುಮಾರು 6.86 ಕೋಟಿ ಉಳಿಯುತ್ತದೆ. ಬಹುಮಾನದ ಟಿಕೆಟನ್ನು 30 ದಿನಗಳೊಳಗೆ ಒಪ್ಪಿಸಬೇಕು ಎಂಬುದನ್ನೂ ನೆನಪಿಡಿ.

ಕಬ್ಬಿನಗದ್ದೆ:
ತುಂಬಾ ಉಪಕಾರವಾಯಿತು ಸರ್. ಇದನ್ನು ಪಕ್ಕದ ಮನೆಯ ಅಣ್ಣನವರಿಗೂ ತೋರಿಸುತ್ತೇನೆ.

ಮಳವಳ್ಳಿ ಕಡೆಯವಳು:
ಉಳಿದ ಹನ್ನೆರಡು ಕೋಟಿಗೆ ಏನು ಮಾಡಬೇಕೆಂಬುದು ಹೊಳೆಯುತ್ತಿಲ್ಲ ಎಂದ ವಿಸಿನಾಲೆ ಅಣ್ಣನವರಿಗೆ ನಮ್ಮ ತಾಲ್ಲೂಕಿನ ದಾಸನದೊಡ್ಡಿಯ ಕೆರೆ ಕಾಮೇಗೌಡರನ್ನು ನೆನಪಿಸುತ್ತೇನೆ. ಕುರಿ ಮೇಯಿಸಿಕೊಂಡಿದ್ದ ಅವರು ಕುಂದೂರು ಬೆಟ್ಟದ ಸುತ್ತ ಹತ್ತಕ್ಕೂ ಹೆಚ್ಚು ಕಟ್ಟೆಗಳನ್ನು ತೋಡಿಸಿದರು. ತಮಗೆ ಬಂದ ಪ್ರಶಸ್ತಿಯ ಹಣವನ್ನೂ ಅದಕ್ಕೇ ಸುರಿದರು. 2022ರಲ್ಲಿ ತೀರಿಕೊಂಡರು. ನನ್ನ ಕೈಗೆ ಅಷ್ಟು ಹಣ ಬಂದರೆ ಹೊಸದನ್ನು ತೋಡುವುದಕ್ಕಿಂತ ಇರುವ ಕಟ್ಟೆಗಳ ಹೂಳೆತ್ತಿಸುವುದಕ್ಕೆ, ನೀರು ಹರಿದುಬರುವ ದಾರಿಯನ್ನು ಬಿಡಿಸುವುದಕ್ಕೆ ಕೊಡುತ್ತೇನೆ. ನಾಲೆಯ ನೀರು ಕಾಣುವ ಮಂಡ್ಯವೇ ಬೇರೆ, ನಾವಿರುವ ಮಳೆಯಾಶ್ರಿತ ಮಂಡ್ಯವೇ ಬೇರೆ.

ವಿಸಿನಾಲೆ:
ಒಳ್ಳೆಯ ಮಾತು ತಾಯಿ. ನಾಲೆಯ ಕೊನೆಯ ಭಾಗದ ರೈತರಿಗೂ ಕಟ್ಟೆಗಳೇ ಗತಿ ಎಂಬುದನ್ನು ಸೇರಿಸಿಕೊಳ್ಳಿ.

ರಾತ್ರಿಪಾಳಿ (ಮೈಸೂರು):
ನಾನು ಆಸ್ಪತ್ರೆಯೊಂದರಲ್ಲಿ ಶುಶ್ರೂಷಕಿ. ರಾತ್ರಿ ಪಾಳಿಯಲ್ಲಿ ಎಚ್ಚರವಾಗಿರಲು ಈ ಆಟವನ್ನು ನಾವೆಲ್ಲರೂ ಆಡುತ್ತೇವೆ. ಸ್ವಂತಕ್ಕೆ ನಾನು ಅಂದುಕೊಂಡಿರುವುದು ಒಂದು ಮನೆ ಮತ್ತು ತಮ್ಮನ ಓದು, ಅಷ್ಟೆ. ಉಳಿದುದರಲ್ಲಿ ರೋಗಿಗಳ ಜೊತೆಗೆ ಬಂದವರು ಉಳಿದುಕೊಳ್ಳುವ ಒಂದು ಛತ್ರವನ್ನು ಕಟ್ಟಿಸಬೇಕು. ಎಚ್.ಡಿ. ಕೋಟೆ, ಕೊಳ್ಳೇಗಾಲ, ಗುಂಡ್ಲುಪೇಟೆ, ಕೆ.ಆರ್. ಪೇಟೆಯಿಂದ ಬರುವವರಲ್ಲಿ ಲಾಡ್ಜಿಗೆ ದಿನಕ್ಕೆ ಏಳೆಂಟು ನೂರು ಕೊಡಬಲ್ಲವರು ಕಡಿಮೆ. ಮಗು ಐಸಿಯುನಲ್ಲಿರುವ ತಾಯಿ ಹೊರಗೆ ಸಿಮೆಂಟ್ ಬೆಂಚಿನ ಮೇಲೆ ಸೆರಗು ಹೊದ್ದು ಮಲಗುತ್ತಾಳೆ. ಬೆಳಿಗ್ಗೆ ಅವಳಿಗೆ ಸ್ನಾನಕ್ಕೂ ಜಾಗವಿರುವುದಿಲ್ಲ. ಹೆರಿಗೆಗೆ ಬಂದವರ ಅಮ್ಮಂದಿರದೂ ಇದೇ ಪಾಡು. ಅಲ್ಲಿ ಯಾರಿಂದಲೂ ದುಡ್ಡು ಕೇಳಬಾರದು ಎಂಬುದು ನನ್ನ ಆಸೆ.

ಲೆಕ್ಕಿಗರೇ, ಇಂಥದ್ದನ್ನು ನಡೆಸುವುದಕ್ಕೆ ಎಷ್ಟು ಬೇಕಾಗುತ್ತದೆ?

ಲೆಕ್ಕಿಗ:
ಕಟ್ಟುವ ಖರ್ಚನ್ನು ಎಲ್ಲರೂ ಯೋಚಿಸುತ್ತಾರೆ, ನಡೆಸುವ ಖರ್ಚನ್ನು ಕೇಳಿದವರು ನೀವೊಬ್ಬರೇ. ಜಾಗಕ್ಕೂ ಕಟ್ಟಡಕ್ಕೂ ಏನೇ ಖರ್ಚಾಗಲಿ, ಅದರ ಹೊರತಾಗಿ 3 ಕೋಟಿಯನ್ನು ಮುಟ್ಟದ ನಿಧಿಯಾಗಿ ಒಂದು ಟ್ರಸ್ಟಿನಲ್ಲಿ ಇಡಬೇಕು. ಆರೂವರೆ ಬಡ್ಡಿಗೆ ವರ್ಷಕ್ಕೆ 19.5 ಲಕ್ಷ ಬರುತ್ತದೆ, ತಿಂಗಳಿಗೆ 1.62 ಲಕ್ಷ. ಕಾವಲುಗಾರರು, ಶುಚಿ ಮಾಡುವವರು, ಒಬ್ಬ ಮೇಲ್ವಿಚಾರಕಿ, ವಿದ್ಯುತ್ತು, ನೀರು, ಹಾಸಿಗೆ ಬಟ್ಟೆ ಒಗೆಯುವುದು, ಇಷ್ಟಕ್ಕೆ ಅದು ಬಿಗಿಯಾಗಿ ಸಾಕಾಗುತ್ತದೆ. ಊಟವನ್ನೂ ಕೊಡಬೇಕೆಂದರೆ ಸಾಲುವುದಿಲ್ಲ. ಮನೆಯವರಲ್ಲದ ಇಬ್ಬರಾದರೂ ಟ್ರಸ್ಟಿಗಳಿರಲಿ, ಇಲ್ಲವಾದರೆ ನಿಮ್ಮ ನಂತರ ಆ ಕಟ್ಟಡ ಬಾಡಿಗೆ ಕೊಠಡಿಗಳಾಗಿಬಿಡಬಹುದು.

ಮಂಡಿಮೊಹಲ್ಲಾ:
ಟಿಕೆಟ್ ಕೊಳ್ಳಬಾರದೆಂಬ ನನ್ನ ಮಾತು ಬದಲಾಗಿಲ್ಲ. ಆದರೆ ರಾತ್ರಿಪಾಳಿಯವರ ಈ ಯೋಜನೆಗೆ ಲಾಟರಿಗಾಗಿ ಕಾಯಬೇಕಾಗಿಲ್ಲ. ಆಸ್ಪತ್ರೆಗಳ ಹತ್ತಿರ ಹಳೆಯ ಮನೆಯೊಂದು ಬಾಡಿಗೆಗೆ ಸಿಕ್ಕರೆ ನಮ್ಮ ಬೀದಿಯ ಕೆಲವರು ತಿಂಗಳಿಗೆ ಇಷ್ಟೆಂದು ಹಾಕಲು ಸಿದ್ಧರಿದ್ದಾರೆ, ನಾನು ಕೇಳಿ ನೋಡುತ್ತೇನೆ. ಮೊದಲಿಗೆ ಹೆಂಗಸರಿಗೆ ಮಾತ್ರ ಮಾಡಿದರೆ ಹೇಗೆ?

ರಾತ್ರಿಪಾಳಿ:
ಹೆಂಗಸರಿಗೆ ಮಾತ್ರ ಎಂಬುದೇ ಸರಿ, ಸರ್. ಹಾಸಿಗೆ ಎಷ್ಟಿದ್ದರೂ ನಡೆಯುತ್ತದೆ, ಚಾಪೆಯಾದರೂ ಆದೀತು. ಬಿಸಿನೀರು ಬರುವ ಎರಡು ಸ್ನಾನದ ಮನೆ, ಬೀಗ ಹಾಕಿಕೊಳ್ಳುವ ಕಬ್ಬಿಣದ ಬೀರು, ಮೊಬೈಲ್ ಚಾರ್ಜ್ ಮಾಡಲು ಸಾಕಷ್ಟು ಪ್ಲಗ್ಗುಗಳು ಮೊದಲು ಬೇಕು. ವಾರ್ಡಿನಿಂದ ಕರೆ ಬಂದಾಗ ಫೋನು ಆಫ್ ಆಗಿದ್ದರೆ ಅವರನ್ನು ಹುಡುಕುವುದೇ ನಮಗೆ ದೊಡ್ಡ ಕಷ್ಟ. ಬಾಡಿಗೆ ಮನೆ ಆಸ್ಪತ್ರೆಯಿಂದ ಹತ್ತು ನಿಮಿಷಕ್ಕಿಂತ ಹೆಚ್ಚು ನಡೆಯುವಷ್ಟು ದೂರವಿರಬಾರದು.